ಬಲ್ಬು ಹೋಗಿಲ್ಲ, ಅರ್ತ್ ಹೋಗಿದೆ

ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ಸಣ್ಣ ಲೈಟೂ ಜೊತೆಗೆ ಮಿನುಗುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಪೆಟ್ರೋಲ್ ಮೀಟರಿನ ಮುಳ್ಳು ಅಲುಗುತ್ತದೆ. ನಿನ್ನೆ ಸ್ಟಾರ್ಟ್ ಆದ ಗಾಡಿ ಇವತ್ತು ‘ಟಕ್’ ಎಂದು ಒಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಹಳೆಯ ಸ್ಪೋರ್ಟ್ಸ್ ಕಾರುಗಳು ಗ್ಯಾರೇಜಿಗೆ ಬರುವುದು ಹೆಚ್ಚಾಗಿ ಇಂಥ ದೂರು ಹೊತ್ತುಕೊಂಡೇ. ಸಿಗುವ ಉತ್ತರವೂ ಹೆಚ್ಚಾಗಿ ಒಂದೇ: ಸ್ವಿಚ್ ಬದಲಾಯಿಸಿ, ಬ್ಯಾಟರಿ ಬದಲಾಯಿಸಿ, ಅದೂ ಆಗದಿದ್ದರೆ ಪೂರ್ತಿ ವಯರಿಂಗ್ ಹೊಸದು ಮಾಡಿ. ಹಣ ಹೋಗುತ್ತದೆ, ಲೈಟು ಮಾತ್ರ ಹಾಗೆಯೇ ಮಿನುಗುತ್ತಿರುತ್ತದೆ.

ಈ ಪುಟದಲ್ಲಿ ಸ್ಪೋರ್ಟ್ಸ್ ಕಾರಿನ ಮಾತು ಯಾಕೆ ಅಂತ ಕೇಳಬಹುದು. ನಮ್ಮ ಎಷ್ಟು ಮನೆಗಳ ಗಂಡುಮಕ್ಕಳು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ದುಬೈಯ ಅಲ್ ಕೂಝ್‌ನಲ್ಲಿ ಗಾಡಿಯ ಅಡಿಯಲ್ಲಿ ಮಲಗಿ ದುಡಿಯುತ್ತಿದ್ದಾರೆ ಎಂಬುದನ್ನು ಲೆಕ್ಕ ಹಾಕಿದರೆ ಆ ಪ್ರಶ್ನೆ ಉಳಿಯುವುದಿಲ್ಲ. ಅಲ್ಲಿ ಹಳೆಯ ಕಾರು ಸಾಕುವ ಶೋಕಿಯವರಿದ್ದಾರೆ. ಆ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಚುಚ್ಚಿದರೆ ತೋರಿಸಲು ಕೋಡ್ ಇಲ್ಲ. ತಲೆ ಓಡಿಸಿಯೇ ತಪ್ಪು ಹುಡುಕಬೇಕು.

ಉದಾಹರಣೆಗೆ ಬ್ರಿಟನ್ನಿನ ಎಂಜಿಬಿ ಕಾರನ್ನೇ ತೆಗೆದುಕೊಳ್ಳೋಣ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಎರಡು ಸೀಟಿನ ಗಾಡಿ. ಐದು ಲಕ್ಷಕ್ಕಿಂತ ಹೆಚ್ಚು ಹೊರಬಂದಿವೆ. ಅದರ 1798 ಸಿಸಿ ಎಂಜಿನ್ ನಮಗೆ ತೀರಾ ಅಪರಿಚಿತವೇನಲ್ಲ. ಊರಿನ ರಸ್ತೆಗಳಲ್ಲಿ ಓಡಾಡಿದ ಅಂಬಾಸಿಡರ್‌ನ ಹಳೆಯ 1489 ಸಿಸಿ ಎಂಜಿನ್ ಕೂಡ ಅದೇ ‘ಬಿ ಸೀರೀಸ್’ ಕುಟುಂಬದ್ದು. ಒಂದು ಟ್ಯಾಕ್ಸಿಯಾಯಿತು, ಇನ್ನೊಂದು ಶೋಕಿಯ ಕಾರಾಯಿತು, ಅಷ್ಟೇ.

ನಮ್ಮ ಮೊಹಲ್ಲಾದಲ್ಲಿ ಒಬ್ಬ ಹಿರಿಯರಿದ್ದಾರೆ. ಊರಲ್ಲಿ ಅಂಬಾಸಿಡರ್ ವಯರಿಂಗ್ ಕಲಿತು, ಬಹಳ ವರ್ಷ ಗಲ್ಫ್‌ನ ಗ್ಯಾರೇಜುಗಳಲ್ಲಿ ದುಡಿದು ಬಂದವರು. ಹುಡುಗರೆಲ್ಲ ಅವರನ್ನು ಕಾಕ ಎಂದೇ ಕರೆಯುವುದು. ಮದ್ರಸ ಮುಗಿಸಿ ಗ್ಯಾರೇಜ್ ಕೆಲಸಕ್ಕೆ ಸೇರುವ ನಮ್ಮ ಹುಡುಗರನ್ನು ಒಮ್ಮೆ ಅವರ ಹತ್ತಿರ ಹೋಗಿ ಬನ್ನಿ ಎಂದು ಕಳಿಸುತ್ತೇವೆ. ಅವರ ಮೊದಲ ಮಾತು ಯಾವಾಗಲೂ ಇದೇ: “ಬಲ್ಬಿಗೆ ಕರೆಂಟ್ ಬರ್ತದಾ ಅಂತ ಎಲ್ಲರೂ ನೋಡ್ತಾರೆ ಉಸ್ತಾದ್. ವಾಪಸ್ ಹೋಗ್ತದಾ ಅಂತ ಯಾರೂ ನೋಡುದಿಲ್ಲ.”

ಕಾರಿನಲ್ಲಿ ಬ್ಯಾಟರಿಯಿಂದ ಬಲ್ಬಿಗೆ ವಯರ್ ಹೋಗುತ್ತದೆ. ಮರಳುವ ದಾರಿ ಮಾತ್ರ ಹೆಚ್ಚಾಗಿ ಗಾಡಿಯ ಬಾಡಿಯೇ. ಅದಕ್ಕೇ ಅರ್ತ್ ಅನ್ನುವುದು. ಬಲ್ಬಿನ ಹೋಲ್ಡರ್ ಬಾಡಿಗೆ ತಾಗುವ ಜಾಗದಲ್ಲಿ ತುಕ್ಕು ಹಿಡಿದರೆ, ಇಲ್ಲವೇ ಪೇಂಟ್ ಮಾಡುವವನು ಅದರ ಮೇಲೂ ಬಣ್ಣ ಹೊಡೆದರೆ, ಆ ದಾರಿ ಮುಚ್ಚಿತು. ಆಗ ಕರೆಂಟ್ ಪಕ್ಕದ ಬಲ್ಬಿನ ಒಳಗಿಂದ ನುಗ್ಗಿ ಬೇರೆ ದಾರಿ ಹುಡುಕುತ್ತದೆ. ಇಂಡಿಕೇಟರ್ ಜೊತೆ ಸಣ್ಣ ಲೈಟು ಮಿನುಗುವುದರ ಗುಟ್ಟು ಇಷ್ಟೇ. ಸಮುದ್ರದ ಉಪ್ಪುಗಾಳಿ ಇರುವ ಊರುಗಳಲ್ಲಿ, ಅದು ಉಳ್ಳಾಲವಿರಲಿ ಶಾರ್ಜಾವಿರಲಿ, ಈ ತುಕ್ಕು ಬೇಗ ಬರುತ್ತದೆ.

ಎಂಜಿನ್‌ಗೂ ಒಂದು ಅರ್ತ್ ಬೇಕು. ಅದು ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುವುದರಿಂದ ಬಾಡಿಗೆ ಒಂದು ದಪ್ಪ ಪಟ್ಟಿಯ ಮೂಲಕ ಸೇರಿಸಿರುತ್ತಾರೆ. ಎಂಜಿನ್ ಇಳಿಸಿ ಏರಿಸಿದವನು ಆ ಪಟ್ಟಿ ಹಾಕಲು ಮರೆತ ಎಂದಿಟ್ಟುಕೊಳ್ಳಿ. ಸ್ಟಾರ್ಟರ್ ಎಳೆಯುವ ಅಷ್ಟೂ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ಮರಳಲು ನೋಡುತ್ತದೆ. ಕೀ ತಿರುಗಿಸಿದಾಗ ಚೋಕ್ ಕೇಬಲ್ ಬಿಸಿಯಾದರೆ, ಹೊಗೆ ಬಂದರೆ, ಸ್ಟಾರ್ಟರ್ ಬಿಚ್ಚಬೇಡಿ. ಮೊದಲು ಆ ಪಟ್ಟಿ ಎಲ್ಲಿದೆ ನೋಡಿ.

ಇನ್ನು ಮೀಟರ್ ವಿಷಯ. ಹೊಸ ಹುಡುಗರು ದಾರಿ ತಪ್ಪುವುದೇ ಇಲ್ಲಿ. ಬಲ್ಬ್ ತೆಗೆದು ಹೋಲ್ಡರಿಗೆ ಮಲ್ಟಿಮೀಟರ್ ಇಟ್ಟರೆ 12 ವೋಲ್ಟ್ ತೋರಿಸುತ್ತದೆ. “ಕರೆಂಟ್ ಉಂಟಲ್ಲ, ಬಲ್ಬೇ ಹಾಳು” ಎಂದು ಹೊಸ ಬಲ್ಬ್ ಹಾಕುತ್ತಾರೆ. ಅದೂ ಉರಿಯುವುದಿಲ್ಲ. ಮಲ್ಟಿಮೀಟರ್ ತಾನು ಎಳೆಯುವ ಕರೆಂಟ್ ಇಲ್ಲವೆಂಬಷ್ಟು ಕಡಿಮೆ. ವಯರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು 12 ತೋರಿಸಿಯೇ ತೋರಿಸುತ್ತದೆ. ಆದ್ದರಿಂದ ಲೈಟು ಆನ್ ಇರುವಾಗಲೇ ಅಳೆಯಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ಟರ್ಮಿನಲ್ ಮೇಲೆ, ಇನ್ನೊಂದು ಬಲ್ಬ್ ಹೋಲ್ಡರಿನ ಅರ್ತ್ ಮೇಲೆ. ಸೊನ್ನೆಯ ಹತ್ತಿರ, ಹೆಚ್ಚೆಂದರೆ 0.2 ವೋಲ್ಟ್ ಇರಬೇಕು. 1 ವೋಲ್ಟ್ ಬಂತೆಂದರೆ ಆ ದಾರಿಯಲ್ಲೇ ಎಲ್ಲೋ ತೊಂದರೆ ಉಂಟು. ಕಡ್ಡಿಯನ್ನು ಒಂದೊಂದೇ ಜಾಯಿಂಟ್ ಹಿಂದಕ್ಕೆ ಸರಿಸುತ್ತಾ ಬನ್ನಿ; ಅಂಕಿ ಎಲ್ಲಿ ಥಟ್ಟನೆ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ಕರೆಂಟ್ ಬರುವ ಕಡೆಯನ್ನೂ ಇದೇ ರೀತಿ ನೋಡಬಹುದು.

ಇದು ಬರೀ ಮಂಕು ಬೆಳಕಿನ ಪ್ರಶ್ನೆಯಲ್ಲ. ಪಿಯುಸಿ ಓದಿದವರಿಗೆ ಗೊತ್ತಿರುವ ಓಮ್‌ನ ಲೆಕ್ಕ ಹಾಕಿ ನೋಡೋಣ. 60 ವಾಟಿನ ಎರಡು ಹೆಡ್‌ಲೈಟ್, 12 ವೋಲ್ಟ್, ಅಂದರೆ ಸುಮಾರು 10 ಆಂಪಿಯರ್. ದಾರಿಯಲ್ಲಿ ಒಂದು ಜಾಯಿಂಟ್ ಸಡಿಲವಾಗಿ 0.2 ಓಮ್ ತಡೆ ಬಂತು. ಆಗ ಲೈಟಿಗೆ ಸಿಗುವುದು ಹತ್ತು ಚಿಲ್ಲರೆ ವೋಲ್ಟ್. ಉಳಿದದ್ದು ಆ ಜಾಯಿಂಟಿನಲ್ಲೇ ಸುಮಾರು 15 ವಾಟ್ ಬಿಸಿಯಾಗುತ್ತದೆ. 25 ವಾಟಿನ ಸಣ್ಣ ಸೋಲ್ಡರಿಂಗ್ ಐರನ್ ಸೀಸ ಕರಗಿಸುತ್ತದೆ ಎಂಬುದು ನೆನಪಿರಲಿ. ಈ ಬಿಸಿ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ, ಹಳೆಯ ಪ್ಲಾಸ್ಟಿಕ್ಕಿನ ನಡುವೆ. ಎಂಜಿಬಿಯಲ್ಲಿ ಹೆಡ್‌ಲೈಟಿನ ಕರೆಂಟ್ ಪೂರ್ತಿ ಸ್ವಿಚ್ಚಿನ ಮೂಲಕವೇ ಹೋಗುತ್ತದೆ, ರಿಲೇ ಇಲ್ಲ. ಆ ಲೈನಿಗೆ ಫ್ಯೂಸೂ ಇಲ್ಲ. ಎರಡನ್ನೂ ಹಾಕಿಸಿಕೊಳ್ಳಿ ಎಂದು ಗಾಡಿಯವರಿಗೆ ಹೇಳುವುದು ವ್ಯಾಪಾರದ ಮಾತಲ್ಲ, ಜೀವದ ಮಾತು.

ಫ್ಯೂಸಿನಲ್ಲಿ ಇನ್ನೊಂದು ಮೋಸ ಇದೆ. ಲೂಕಾಸ್ ಕಂಪೆನಿಯ ಹಳೆಯ ಗಾಜಿನ ಫ್ಯೂಸಿನ ಮೇಲೆ 35 ಎಂದು ಬರೆದಿರುತ್ತದೆ. ಅದು ಸುಟ್ಟು ಹೋಗುವ ಅಂಕಿ. ನಿರಂತರ ತಡೆದುಕೊಳ್ಳುವುದು 17 ಆಂಪಿಯರ್ ಮಾತ್ರ. ಅಂಗಡಿಯಲ್ಲಿ ಸಿಗುವ ಇತರ ಫ್ಯೂಸುಗಳ ಮೇಲೆ ಸಾಮಾನ್ಯವಾಗಿ ಬರೆಯುವುದು ನಿರಂತರದ ಅಂಕಿಯನ್ನು. 35 ನೋಡಿ 35 ತಂದು ಹಾಕಿದವನು ಎರಡು ಪಟ್ಟು ದೊಡ್ಡದು ಹಾಕಿದಂತಾಯಿತು. ಆಮೇಲೆ ಫ್ಯೂಸ್ ಉಳಿಯುತ್ತದೆ, ವಯರ್ ಸುಡುತ್ತದೆ. ಸಿಗರೇಟಿನ ಬೆಳ್ಳಿ ಕಾಗದ ಸುತ್ತುವವರ ಬಗ್ಗೆ ಹೇಳುವುದೇ ಬೇಡ.

ಲೂಕಾಸ್ ಮೇಲೆ ಬಿಳಿಯರು ಮಾಡಿದ ತಮಾಷೆಗಳಿಗೆ ಲೆಕ್ಕವಿಲ್ಲ. ‘ಕತ್ತಲೆಯ ರಾಜಕುಮಾರ’ ಎಂದೇ ಅದಕ್ಕೆ ಅಡ್ಡಹೆಸರು. ನಮಗೇನೋ ಇದು ನ್ಯಾಯವಾಗಿ ಕಾಣುವುದಿಲ್ಲ. ಐವತ್ತು ವರ್ಷದ ಗಾಡಿಗೆ ಹತ್ತು ಮಂದಿ ರೇಡಿಯೋ, ಹಾರ್ನ್, ಅಲಾರಂ ಎಂದು ವಯರ್ ಕಚ್ಚಿ ಟೇಪ್ ಸುತ್ತಿದರೆ ಬರ್ಮಿಂಗ್‌ಹ್ಯಾಮಿನ ಕಂಪೆನಿ ಎಂತ ಮಾಡೀತು? ನಿಜವಾಗಿ ಅವರ ಬಣ್ಣದ ಕ್ರಮ ಕಲಿತವನಿಗೆ ಅರ್ಧ ಕೆಲಸ ಮುಗಿದಂತೆ. ಕಂದು ವಯರ್ ಎಂದರೆ ಬ್ಯಾಟರಿಯಿಂದ ನೇರ, ಕೀ ತೆಗೆದರೂ ಕರೆಂಟ್ ಇರುವುದು, ಫ್ಯೂಸ್ ಇಲ್ಲದ್ದು. ನೇರಳೆ, ಅದೇ ಫ್ಯೂಸ್ ದಾಟಿ ಬಂದದ್ದು. ಬಿಳಿ, ಕೀ ತಿರುಗಿಸಿದರೆ ಬರುವುದು. ಹಸಿರು, ಆ ಬಿಳಿ ಫ್ಯೂಸ್ ದಾಟಿದ ಮೇಲೆ. ಕೆಂಪು ಸಣ್ಣ ಲೈಟಿಗೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ತ್‌ಗೆ. ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್ ಮೂರೂ ಒಟ್ಟಿಗೆ ಸತ್ತರೆ ಮೂರು ಪಾರ್ಟ್ ಹಾಳಾಗಿಲ್ಲ, ಹಸಿರಿನ ಒಂದು ಫ್ಯೂಸ್ ನೋಡಿದರೆ ಸಾಕು.

ಒಂದೆರಡು ಸಣ್ಣ ಗುಟ್ಟುಗಳೂ ಉಂಟು. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕುವ ಹಜಾರ್ಡ್ ಸ್ವಿಚ್ ಇರುವ ಎಂಜಿಬಿಗಳಲ್ಲಿ ಮಾಮೂಲಿ ಇಂಡಿಕೇಟರಿನ ಕರೆಂಟೂ ಆ ಸ್ವಿಚ್ ದಾಟಿಯೇ ಬರುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಆ ಸ್ವಿಚ್ ಒಳಗೆ ಕಿಲುಬು ಹಿಡಿದಿರುತ್ತದೆ. ಹತ್ತಿಪ್ಪತ್ತು ಸಲ ಆನ್ ಆಫ್ ಮಾಡಿದರೆ ಎಷ್ಟೋ ಸಲ ಇಂಡಿಕೇಟರ್ ಎದ್ದು ಕೂತುಕೊಳ್ಳುತ್ತದೆ. ಹಾಗೆಯೇ ಕೀ ಹಾಕಿದಾಗ ಹಿಂದಿನಿಂದ ‘ಟಿಕ್ ಟಿಕ್’ ಕೇಳಬೇಕು. ಅದು ಎಸ್‌ಯು ಪೆಟ್ರೋಲ್ ಪಂಪ್. ಸದ್ದಿಲ್ಲದಿದ್ದರೆ ಮೆಲ್ಲಗೆ ಒಂದು ತಟ್ಟಿ. ತಟ್ಟಿದ ಮೇಲೆ ಓಡಿದರೆ ಅದರ ಪಾಯಿಂಟ್ ಸವೆದಿದೆ ಎಂದರ್ಥ.

1967ರವರೆಗಿನ ಎಂಜಿಬಿ ಬಂದರೆ ಮಾತ್ರ ಹುಷಾರು. ಅದರಲ್ಲಿ ಬಾಡಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್. ಅಭ್ಯಾಸಬಲದಿಂದ ಉಲ್ಟಾ ಕೊಟ್ಟರೆ, ಇಲ್ಲವೇ ಇಂದಿನ ರೇಡಿಯೋ, ಚಾರ್ಜರ್ ಸಿಕ್ಕಿಸಿದರೆ ಸುಟ್ಟು ಹೋಗುತ್ತದೆ. ಬ್ಯಾಟರಿಯೂ ಮುಂದೆ ಇಲ್ಲ; ಸೀಟಿನ ಹಿಂದೆ ನೆಲದಡಿ 6 ವೋಲ್ಟಿನ ಎರಡು ಸೇರಿ 12. ನಡುವಿನ ಕೇಬಲ್ ಸಡಿಲವಾದರೂ ಅದೇ ‘ಟಕ್’ ಸದ್ದು.

ನಮ್ಮಲ್ಲಿ ಗ್ಯಾರೇಜ್ ಕೆಲಸವೆಂದರೆ ಓದಲಾಗದವನು ಮಾಡುವುದು ಎಂಬ ತಾತ್ಸಾರ ಇನ್ನೂ ಇದೆ. ಹುಡುಗನಿಗೆ ಹೆಣ್ಣು ಕೇಳಲು ಹೋದ ಕಡೆಯೂ ಆ ಮಾತು ಬರುತ್ತದೆ. ಮೇಲಿನದ್ದೆಲ್ಲ ಓದಿದವರು ಹೇಳಲಿ, ಇದು ಲೆಕ್ಕದ ಕೆಲಸವೋ ಅಲ್ಲವೋ. ಬರೀ ಪಾರ್ಟ್ ಬದಲಾಯಿಸುವವನು ಗಿರಾಕಿಯ ಹಣದಲ್ಲಿ ಊಹೆ ಮಾಡುತ್ತಾನೆ. ಆ ಊಹೆಯ ಬಿಲ್ ಕೂಡ ಗಿರಾಕಿಗೇ. ನಮ್ಮ ಒಬ್ಬ ಶಿಷ್ಯ ಅಲ್ಲಿನ ಒಂದು ಗ್ಯಾರೇಜಿನಲ್ಲಿದ್ದಾನೆ. ಪೂರ್ತಿ ವಯರಿಂಗ್ ಬದಲಿಸಬೇಕೆಂದು ಬರೆದಿಟ್ಟ ಗಾಡಿಯಲ್ಲಿ ಅವನು ಅರ್ಧ ದಿನ ಅಳೆದು, ಡಿಕ್ಕಿಯ ಒಳಗಿನ ಒಂದು ಅರ್ತ್ ಸ್ಕ್ರೂ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿದ. ಮಾಲೀಕನಿಗೆ ದೊಡ್ಡ ಬಿಲ್ ತಪ್ಪಿದ್ದಕ್ಕೆ ಮೊದಲು ಸಿಟ್ಟೇ ಬಂತಂತೆ. ಆಮೇಲೆ ಆ ಗಿರಾಕಿ ತನ್ನ ಇನ್ನೆರಡು ಹಳೆಯ ಗಾಡಿಗಳನ್ನೂ ಅಲ್ಲಿಗೇ ತಂದ. ಈಗ ಹಳೆಯ ಗಾಡಿ ಬಂದರೆ ಇವನನ್ನೇ ಕರೆಯುತ್ತಾರೆ.

ಕೆಲಸಕ್ಕೆ ಕೈ ಹಾಕುವ ಮೊದಲು ಕಾಕ ಹುಡುಗರಿಂದ ಎರಡು ಕೆಲಸ ಮಾಡಿಸುತ್ತಾರೆ. ಕೈಯ ವಾಚು, ಉಂಗುರ ತೆಗೆದು ಜೇಬಿಗೆ ಹಾಕಬೇಕು. ಬ್ಯಾಟರಿ ಬಿಚ್ಚುವುದಾದರೆ ಅರ್ತ್ ಕೇಬಲನ್ನೇ ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು. ಆಗ ಪಾನಾ ಜಾರಿ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ.