ಎರಡಾಣೆಯ ಪಾಲುದಾರರು

ಗೃಹಿಣಿಯು ಸಾಸಿವೆಯ ಡಬ್ಬಿಯಲ್ಲಿ ಬಚ್ಚಿಡುವ ಚಿಲ್ಲರೆ ಕಾಸಿಗೆ ಬ್ಯಾಂಕಿನ ಲೆಕ್ಕದಲ್ಲಿ ಸ್ಥಾನವುಂಟೆ? ನೂರು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ದೊಡ್ಡ ಪಟ್ಟಣಗಳ ಬ್ಯಾಂಕಿನವರು ಮುಗುಳ್ನಕ್ಕು ಸುಮ್ಮನಾಗುತ್ತಿದ್ದರು. ಬ್ಯಾಂಕೆಂದರೆ ಅಂದು ಜಮೀನ್ದಾರರಿಗೆ, ಮಂಡಿಯ ಸಾಹುಕಾರರಿಗೆ, ಸರ್ಕಾರದ ದೊಡ್ಡ ಅಧಿಕಾರಿಗಳಿಗೆ ಮೀಸಲಾದ ಸ್ಥಳ. ದಿನಗೂಲಿಯವನೂ ಮೀನು ಮಾರುವ ಹೆಂಗಸೂ ಅದರ ಮೆಟ್ಟಿಲನ್ನು ಹತ್ತುವ ಮಾತೇ ಇರಲಿಲ್ಲ.

ಹತ್ತಲಾರದವರ ಬಳಿಗೆ ಬ್ಯಾಂಕೇ ಇಳಿದು ಬಂದರೆ ಹೇಗೆ? ಈ ಯೋಚನೆ ಕಾರ್ಯರೂಪಕ್ಕೆ ಬಂದದ್ದು ನಮ್ಮ ಕರಾವಳಿಯ ಉಡುಪಿಯಲ್ಲಿ. ಅದರ ಕಥೆ ಕೇವಲ ಹಣಕಾಸಿನ ಕಥೆಯಲ್ಲ. ಒಂದು ಊರಿನ ಸಂಸ್ಥೆಯು ಆ ಊರಿನವರನ್ನು ದಾನಕ್ಕೆ ಕೈಯೊಡ್ಡುವವರೆಂದು ಎಣಿಸದೆ, ತನ್ನ ಪಾಲುದಾರರೆಂದು ಬಗೆದರೆ ಏನೇನು ಸಾಧ್ಯವಾಗುತ್ತದೆ ಎಂಬುದಕ್ಕೆ ಅದೊಂದು ನಿದರ್ಶನ.

ಮೂವರು ಕೂಡಿದರು

1925ರ ಮಾತು. ಉಡುಪಿಯು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಸುತ್ತಲಿನ ಹಳ್ಳಿಗಳಲ್ಲಿ ಕೈಮಗ್ಗವನ್ನೇ ನಂಬಿದ ನೇಕಾರ ಕುಟುಂಬಗಳು ಸಂಕಟಕ್ಕೆ ಸಿಕ್ಕಿದ್ದವು. ನೂಲು ಕೊಳ್ಳಲು ಹಣವಿಲ್ಲದೆ ಮಗ್ಗ ನಿಂತರೆ ಒಲೆಯೂ ಆರಿದಂತೆಯೇ. ಈ ಬವಣೆಗೆ ಪರಿಹಾರ ಹುಡುಕಲು ಮೂವರು ಒಂದಾದರು. ಮದರಾಸಿನಲ್ಲಿ ವೈದ್ಯ ವಿದ್ಯೆಯನ್ನು ಕಲಿತು ಬಂದ ಡಾಕ್ಟರ್ ಟಿ. ಎಂ. ಎ. ಪೈ, ಅವರ ಅಣ್ಣ, ವ್ಯಾಪಾರಿಗಳಾದ ಉಪೇಂದ್ರ ಪೈ, ಮತ್ತು ಎಂಜಿನಿಯರರಾದ ವಾಮನ ಕುಡ್ವ. ವೈದ್ಯ, ವರ್ತಕ, ಎಂಜಿನಿಯರ್. ಮೂವರಲ್ಲಿ ಒಬ್ಬರೂ ಬ್ಯಾಂಕಿನ ಕಸುಬಿನಲ್ಲಿ ಪಳಗಿದವರಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ!

ಇವರು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಿತವಾದದ್ದು ಇದೇ. ಹೆಸರಿನಲ್ಲಿ ಬ್ಯಾಂಕಿಗಿಂತ ಮೊದಲು ಕೈಗಾರಿಕೆ ನಿಂತಿದೆ ಎಂಬುದನ್ನು ವಾಚಕರು ಗಮನಿಸಬೇಕು. ಹಣ ಕೂಡಿಡುವುದೊಂದೇ ಉದ್ದೇಶವಾಗಿರಲಿಲ್ಲ. ನಿಂತ ಮಗ್ಗವನ್ನು ಓಡಿಸುವುದೂ ಉದ್ದೇಶವಾಗಿತ್ತು.

ಮನೆಬಾಗಿಲಿಗೆ ಬಂದ ಬ್ಯಾಂಕು

ಆದರೆ ಸಾಲ ಕೊಡಲು ಹಣವೆಲ್ಲಿಂದ ಬರಬೇಕು? ಬಡವರಿಗೆ ಬೇಕಾದ ಹಣವನ್ನು ಬಡವರ ನಡುವೆಯೇ ಸಂಗ್ರಹಿಸುವ ಉಪಾಯ 1928ರಲ್ಲಿ ಹೊಳೆಯಿತು. ಅದೇ ಪಿಗ್ಮಿ ಠೇವಣಿ. ಬ್ಯಾಂಕಿನ ಪರವಾಗಿ ಸಂಗ್ರಾಹಕನೊಬ್ಬನು ಪ್ರತಿದಿನ ಅಂಗಡಿ, ಮನೆ, ಸಂತೆಗಳಿಗೆ ತಾನೇ ಹೋಗುವನು. ಕೊಟ್ಟ ಕಾಸನ್ನು ಪಡೆದು ಪುಸ್ತಕದಲ್ಲಿ ಗುರುತು ಹಾಕುವನು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು.

ಎರಡಾಣೆ ಎಂದರೆ ಎಷ್ಟು? ಹದಿನಾರು ಆಣೆಗೆ ಒಂದು ರೂಪಾಯಿಯಾಗಿದ್ದ ಕಾಲವದು. ಎಂಟು ದಿನಕ್ಕೆ ಒಂದು ರೂಪಾಯಿ. ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷ ತುಂಬಿದಾಗ ನಲವತ್ತೈದು ರೂಪಾಯಿ ಹತ್ತಾಣೆ. ಒಮ್ಮೆಗೇ ನಲವತ್ತೈದು ರೂಪಾಯಿ ತಂದುಕೊಡೆಂದರೆ ಕೂಲಿಯವನು ಎಲ್ಲಿಂದ ತಂದಾನು? ದಿನವೂ ಎರಡಾಣೆ ಎತ್ತಿಡೆಂದರೆ, ಕಷ್ಟಪಟ್ಟಾದರೂ ಎತ್ತಿಟ್ಟಾನು.

ಇದರ ಮರ್ಮ ಬಡ್ಡಿಯಲ್ಲಿರಲಿಲ್ಲ, ಕಾಲದಲ್ಲಿತ್ತು. ದಿನಗೂಲಿಯವನ ಕೈಗೆ ಹಣ ಬರುವುದು ಸಂಜೆಗೆ, ಖರ್ಚಾಗುವುದು ರಾತ್ರಿಗೆ. ಆ ಎರಡರ ನಡುವಣ ಗಳಿಗೆಯಲ್ಲಿ ಸಂಗ್ರಾಹಕನು ಬಂದು ನಿಂತರೆ ಮಾತ್ರ ಉಳಿತಾಯ ಸಾಧ್ಯ. ಬ್ಯಾಂಕಿನ ಬಾಗಿಲು ಆ ಹೊತ್ತಿಗೆ ಮುಚ್ಚಿರುತ್ತದೆ. ಸಂಗ್ರಾಹಕನ ಚೀಲ ತೆರೆದಿರುತ್ತದೆ. ಮೇಲಾಗಿ ಅವನು ಅದೇ ಊರಿನವನು. ಯಾರ ಮಗಳಿಗೆ ಮದುವೆ, ಯಾರ ದೋಣಿ ಈ ವಾರ ಕಡಲಿಗಿಳಿಯಲಿಲ್ಲ ಎಂಬುದನ್ನು ಬಲ್ಲವನು. ಬ್ಯಾಂಕಿಗೆ ಯಾವ ಕಾಗದಪತ್ರವೂ ಒದಗಿಸಲಾರದ ತಿಳಿವಳಿಕೆ ಅದು. ಹೀಗೆ ತಪ್ಪದೆ ಹಣ ಕಟ್ಟಿದವನಿಗೆ ಅವನ ಪುಸ್ತಕವೇ ನಡತೆಯ ಸಾಕ್ಷಿ. ಇಂದಿಗೂ ನಮ್ಮ ನಾಡಿನ ಅನೇಕ ಸಹಕಾರ ಸಂಘಗಳಲ್ಲಿ ಪಿಗ್ಮಿ ನಡೆಯುತ್ತಿದೆ. ಇಂಗ್ಲಿಷಿನಿಂದ ಬಂದ ಆ ಪದ ಕನ್ನಡದ್ದೇ ಎಂಬಷ್ಟು ಬಳಕೆಯಾಗಿಬಿಟ್ಟಿದೆ.

ಆಸ್ಪತ್ರೆಯಿಲ್ಲದ ವೈದ್ಯ ಕಾಲೇಜು

ಕೂಡಿ ನಡೆಸುವ ಈ ಬುದ್ಧಿಯನ್ನು ಡಾಕ್ಟರ್ ಪೈಯವರು ಬೇರೊಂದು ಕ್ಷೇತ್ರಕ್ಕೂ ಒಯ್ದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಎಂಬ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1953ರಲ್ಲಿ ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತಲೆಯೆತ್ತಿತು. ಖಾಸಗಿಯವರು ವೈದ್ಯ ಕಾಲೇಜು ನಡೆಸುವುದು ಅಂದಿಗೆ ಸಾಹಸವೇ ಸರಿ. ಕಟ್ಟಡವೇನೋ ಎದ್ದೀತು, ಅಧ್ಯಾಪಕರೂ ಸಿಕ್ಕಾರು. ರೋಗಿಗಳಿರುವ ಆಸ್ಪತ್ರೆಯಿಲ್ಲದೆ ವೈದ್ಯನು ತಯಾರಾಗುವುದೆಂತು?

ಉತ್ತರ ಮಂಗಳೂರಿನಲ್ಲಿತ್ತು. ಅಲ್ಲಿ ಸರ್ಕಾರದ ವೆನ್ಲಾಕ್ ಆಸ್ಪತ್ರೆಯೂ ಹೆಂಗಸರ ಚಿಕಿತ್ಸೆಗೆಂದಿದ್ದ ಲೇಡಿ ಗೋಷನ್ ಆಸ್ಪತ್ರೆಯೂ ಇದ್ದವು. ಕಾಲೇಜಿಗೆ ಹಾಸಿಗೆಗಳು ಬೇಕಾಗಿದ್ದವು. ಆಸ್ಪತ್ರೆಗಳಿಗೆ ನುರಿತ ವೈದ್ಯರು ಬೇಕಾಗಿದ್ದರು. ಎರಡೂ ಕಡೆಯವರ ಕೊರತೆಯನ್ನು ಒಂದೇ ಒಪ್ಪಂದ ನೀಗಿಸಿತು. ಕಾಲೇಜಿನ ಅಧ್ಯಾಪಕರು ಸರ್ಕಾರಿ ಆಸ್ಪತ್ರೆಯ ಬಡರೋಗಿಗಳಿಗೆ ಚಿಕಿತ್ಸೆ ನೀಡಿದರು; ವಿದ್ಯಾರ್ಥಿಗಳು ಅವರ ಬೆನ್ನ ಹಿಂದೆ ನಿಂತು ಕಲಿತರು. ಸರ್ಕಾರವೂ ಖಾಸಗಿಯವರೂ ಕೈಜೋಡಿಸುವುದನ್ನು ಕುರಿತು ಈಗ ದೊಡ್ಡ ದೊಡ್ಡ ಭಾಷಣಗಳಾಗುತ್ತವೆ. ಕರಾವಳಿಯಲ್ಲಿ ಅದು ಭಾಷಣಕ್ಕೆ ಮೊದಲೇ ನಡೆದುಹೋಗಿತ್ತು.

ಈ ಹಾದಿ ಕೇವಲ ಹೂವಿನದಾಗಿರಲಿಲ್ಲ. ಸರ್ಕಾರದ ಹಣವಿಲ್ಲದೆ ನಡೆಯುವ ಕಾಲೇಜುಗಳು ವಿದ್ಯಾರ್ಥಿಗಳಿಂದ ವಂತಿಗೆ ಪಡೆಯುವ ಪದ್ಧತಿ ಮುಂದೆ ದೇಶದಾದ್ಯಂತ ವಾದಕ್ಕೆ ಗುರಿಯಾಯಿತು. ಹಣವಿಲ್ಲದ ಮನೆಯ ಜಾಣ ಹುಡುಗನ ಗತಿಯೇನೆಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಉಜಿರೆಯ ಪಾಠ

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅವುಗಳಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ಇದೇ ಜಿಲ್ಲೆಯಲ್ಲಿ ಹುಟ್ಟಿದವು. ಊರಿನ ಸಂಸ್ಥೆ ದೇಶದ ಸ್ವತ್ತಾದಾಗ ಊರಿನ ನಂಟು ಸಡಿಲವಾಗುವುದು ಸಹಜ. ಆದರೆ 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾಕ್ಟರ್ ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಯೂ ಈ ಎರಡು ಬ್ಯಾಂಕುಗಳೂ ಸೇರಿ ಉಜಿರೆಯಲ್ಲಿ ರುಡ್‌ಸೆಟಿ ಎಂಬ ತರಬೇತಿ ಕೇಂದ್ರವನ್ನು ತೆರೆದುವು.

ಸಾಲ ಸಿಕ್ಕಿದರೂ ಕಸುಬು ತಿಳಿಯದವನು ಸೋಲುತ್ತಾನೆ. ಕಸುಬು ತಿಳಿದರೂ ಸಾಲ ಸಿಗದವನು ಕೈಕಟ್ಟಿ ಕೂರುತ್ತಾನೆ. ಉಜಿರೆಯಲ್ಲಿ ಈ ಎರಡು ತುದಿಗಳನ್ನೂ ಗಂಟುಹಾಕಲಾಯಿತು. ನಿರುದ್ಯೋಗಿ ತರುಣ ತರುಣಿಯರಿಗೆ ಊಟ ವಸತಿಗಳೊಡನೆ ಉಚಿತವಾಗಿ ಕೆಲವು ವಾರಗಳ ತರಬೇತಿ. ಅನಂತರ ಬ್ಯಾಂಕಿನಿಂದ ಸಾಲಕ್ಕೆ ನೆರವು. ಅಂಗಡಿ ತೆರೆದ ಬಳಿಕವೂ ಹೋಗಿ ವಿಚಾರಿಸುವ ಏರ್ಪಾಡು. ಇದು ಎಷ್ಟು ಫಲಕಾರಿಯೆನಿಸಿತೆಂದರೆ, 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಇದನ್ನೇ ಮಾದರಿಯಾಗಿಟ್ಟುಕೊಂಡು, ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಇಂಥ ಕೇಂದ್ರಗಳನ್ನು ತೆರೆಯುವ ಯೋಜನೆಯನ್ನು ಕೈಗೊಂಡಿತು. ಇಂದು ದೇಶದಲ್ಲಿ ಅಂಥ ಐನೂರಕ್ಕೂ ಹೆಚ್ಚು ಕೇಂದ್ರಗಳಿವೆ.

ಪಾಲುದಾರಿಕೆಯ ಒರೆಗಲ್ಲು

ಆದರೆ ಎಲ್ಲರನ್ನೂ ಪಾಲುದಾರರೆಂದು ಕರೆಯುವ ಸಂಸ್ಥೆ, ಪಾಲನ್ನೂ ಎಲ್ಲರಿಗೆ ಕೊಡುತ್ತದೆಯೆ? ಬಿಸಿಲು ಮಳೆಯೆನ್ನದೆ ಮನೆಮನೆ ಸುತ್ತಿದ ಪಿಗ್ಮಿ ಸಂಗ್ರಾಹಕನ ಸ್ಥಿತಿಯನ್ನು ನೋಡಿದರೆ ಈ ಪ್ರಶ್ನೆ ಏಳದೆ ಇರದು. ಅವನು ಬ್ಯಾಂಕಿನ ನೌಕರನಲ್ಲ, ಕಮಿಷನ್ ಪಡೆಯುವ ಏಜೆಂಟ್ ಎಂಬುದು ಬ್ಯಾಂಕುಗಳ ವಾದ. ಕಾಯಿಲೆ ಬಿದ್ದ ದಿನ ಸಂಗ್ರಹವಿಲ್ಲ. ಸಂಗ್ರಹವಿಲ್ಲದ ದಿನ ಸಂಪಾದನೆಯೂ ಇಲ್ಲ. ಊರವರ ಉಳಿತಾಯವನ್ನು ಹೊತ್ತು ತಂದವನಿಗೆ ಮುಪ್ಪಿನಲ್ಲಿ ಆಸರೆ ಯಾವುದು?

ಈ ವ್ಯಾಜ್ಯ ಅನೇಕ ವರ್ಷ ನಡೆದು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಠೇವಣಿ ಸಂಗ್ರಾಹಕರೂ ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೇ ಎಂದು 2001ರಲ್ಲಿ ತೀರ್ಪಾಯಿತು. ಎಪ್ಪತ್ತಕ್ಕೂ ಹೆಚ್ಚು ವರ್ಷ ಬೀದಿಯಲ್ಲಿ ನಡೆದ ಕಾಲುಗಳಿಗೆ ದೊರೆತ ಮನ್ನಣೆಯಿದು. ಸಿಂಡಿಕೇಟಿನ ಕೀರ್ತಿಯನ್ನು ಹೇಳುವವರು ಈ ಅಧ್ಯಾಯವನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾದೀತು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳೆಯ ನಾಮಫಲಕಗಳು ಇಳಿದವು. ಹೆಸರು ಅಳಿದದ್ದಕ್ಕೆ ಕರಾವಳಿಯ ಹಿರಿಯರು ನಿಟ್ಟುಸಿರು ಬಿಟ್ಟುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಮೂವರು ಕಲಿಸಿದ ಪಾಠ ಫಲಕದ ಮೇಲಿರಲಿಲ್ಲ. ವಕೀಲರ ಕಚೇರಿಯಾಗಲಿ, ಲೆಕ್ಕಪರಿಶೋಧಕರ ಸಂಸ್ಥೆಯಾಗಲಿ, ಔಷಧದ ಅಂಗಡಿಯಾಗಲಿ, ತನ್ನ ಊರಿಗೆ ನೆರವಾಗಬೇಕೆಂದು ಬಯಸಿದರೆ ವರ್ಷಕ್ಕೊಮ್ಮೆ ದೇಣಿಗೆಯ ಚೀಟಿ ಹರಿದು ಕೊಡುವುದಷ್ಟೇ ದಾರಿಯಲ್ಲ. ಊರಿನ ಕೊರತೆ ಯಾವುದು, ತನ್ನಲ್ಲಿರುವ ವಿದ್ಯೆ ಯಾವುದು, ಇವೆರಡನ್ನು ಜೋಡಿಸಬಲ್ಲ ಮೂರನೆಯವರು ಯಾರು ಎಂದು ವಿಚಾರಿಸಬೇಕು. ಲಾಭದಲ್ಲಿಯೂ ಗೌರವದಲ್ಲಿಯೂ ಪಾಲು ಕೊಡುವ ಮನಸ್ಸಿರಬೇಕು. ಅಷ್ಟಿದ್ದರೆ ಆರಂಭಕ್ಕೆ ಎರಡಾಣೆಯೂ ಸಾಲುತ್ತದೆ.