ಎಲೆಚುಕ್ಕೆಯನ್ನು ಅಳೆಯುವ ಬಗೆ

ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುವ ಎಲೆಚುಕ್ಕೆ ರೋಗವನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಔಷಧ ಹೊಡೆದ ಮೇಲೆ ಅದು ಹಬ್ಬುವುದು ನಿಂತಿತೇ ಎಂದು ತಿಳಿಯಲು ಕಣ್ಣಂದಾಜು ಸಾಲದು, ಅಳತೆ ಬೇಕು. ಅದಕ್ಕೆ ಒಂದು ಛಾಯಾಚಿತ್ರ ಸಾಕು.

ಎಳೆಯ ಗಿಡದ ಗರಿಯೊಂದರ ಹಿಂದೆ ಬಿಳಿ ಹಾಳೆ ಹಿಡಿದು, ಪಕ್ಕದಲ್ಲಿ 2 ಸೆಂ.ಮೀ. ಉದ್ದಗಲದ ನೀಲಿ ಕಾಗದ ಅಂಟಿಸಿ, ನೆರಳು ಬೀಳದಂತೆ ನೇರವಾಗಿ ಚಿತ್ರ ತೆಗೆಯೋಣ. ಓರೆಯಾದರೆ ಲೆಕ್ಕವೂ ಓರೆ.

ಚಿತ್ರವೆಂಬುದು ಪಿಕ್ಸೆಲ್ ಎಂಬ ಬಿಂದುಗಳ ರಾಶಿ. ಶಾಲೆಯಲ್ಲಿ ಗ್ರಾಫ್ ಹಾಳೆಯ ಚೌಕಗಳನ್ನು ಎಣಿಸಿದಂತೆ ಇವನ್ನು ಎಣಿಸಬೇಕು. ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದಲ್ಲಿ, ಬಣ್ಣ ನೋಡಿ ಆರಿಸುವ ಸಾಧನದಿಂದ ಕಂದು ಚುಕ್ಕೆಯನ್ನು ಒತ್ತಿದರೆ ಅಂಥ ಬಣ್ಣದ ಭಾಗಗಳೆಲ್ಲ ಆಯ್ಕೆಯಾಗುತ್ತವೆ. ಹಿಸ್ಟೋಗ್ರಾಮ್ ಫಲಕ ಪಿಕ್ಸೆಲ್ ಸಂಖ್ಯೆ ತೋರಿಸುತ್ತದೆ. ನೀಲಿ ಕಾಗದವನ್ನೂ ಇಡೀ ಗರಿಯನ್ನೂ ಹಾಗೆಯೇ ಎಣಿಸಬೇಕು.

ಕಾಗದ 40,000 ಪಿಕ್ಸೆಲ್ ಎನ್ನೋಣ. ಅದು 4 ಚದರ ಸೆಂ.ಮೀ. ಚುಕ್ಕೆಗಳು 90,000 ಆದರೆ 9 ಚದರ ಸೆಂ.ಮೀ.; ಗರಿ 6,00,000 ಆದರೆ 60. ರೋಗ ಶೇಕಡಾ 15 ಎಂದಾಯಿತು.

ಆಯ್ಕೆಯ ಮಿತಿ ಹೆಚ್ಚಿದರೆ ಹಸಿರೂ ಸೇರೀತು, ತಗ್ಗಿದರೆ ಚುಕ್ಕೆಯ ಅಂಚು ತಪ್ಪೀತು. ಮಿತಿಯನ್ನು ಬರೆದಿಟ್ಟುಕೊಂಡು, ಎರಡು ವಾರದ ಅನಂತರ ಅದೇ ಗರಿಯನ್ನು ಅಂಥದೇ ಬೆಳಕಿನಲ್ಲಿ ಅಳೆಯೋಣ. ಒಣಗಿದ ಚುಕ್ಕೆ ಮತ್ತೆ ಹಸಿರಾಗದು. 15 ಅಲ್ಲಿಯೇ ನಿಂತಿದ್ದರೆ ಆ ಗರಿಯಲ್ಲಿ ರೋಗ ನಿಂತಿತೆಂದೇ ತಿಳಿಯಬಹುದು.