ಕುದುರೆ ಬಾಯಿಡುವ ಮುನ್ನ

ಕುಣಿಗಲ್‌ಗೆ ಹೋದವರೆಲ್ಲ ಕುದುರೆ ನೋಡುತ್ತಾರೆ. ನಾನು ಹೋದದ್ದು ಹುಲ್ಲು ಬೆಳೆಸುವ ತಾತನೊಬ್ಬರನ್ನು ನೋಡಲು. ವಯಸ್ಸಿದ್ದಾಗ ಅಲ್ಲಿನ ಕುದುರೆ ಫಾರ್ಮಿನಲ್ಲಿ ದುಡಿದವರು. ಈಗ ಊರಾಚೆ ಪಾಳುಬಿದ್ದ ಹೊಲವೊಂದನ್ನು ಎರಡು ಕುದುರೆಗಳ ಮೇವಿಗೆ ಹದ ಮಾಡುತ್ತಿದ್ದರು. ಆಳೆತ್ತರದ ಲಂಟಾನ, ನಡುನಡುವೆ ಕಾಂಗ್ರೆಸ್ ಗಿಡ, ಬದುವಿನ ಮೇಲೆ ಕಣಗಿಲೆ.

ಜೆಸಿಬಿ ತರಿಸಬಹುದಿತ್ತಲ್ಲ ತಾತ ಎಂದೆ. "ಅದು ಮೇಲಿಂದು ಕೀಳ್ತದೆ ಕಣಮ್ಮ, ಬುಡ ಅಲ್ಲೇ ಉಳೀತದೆ. ಒಂದು ಮಳೆ ಬಿದ್ರೆ ಹತ್ತು ಚಿಗುರು," ಎಂದು ಗುದ್ದಲಿ ಎತ್ತಿದರು. ಭರಣಿ ಮಳೆಗೆ ನೆಲ ನೆನೆದಿತ್ತು. ಮಣ್ಣು ಸರಿಸಿ, ನೆಲಮಟ್ಟದಿಂದ ಎರಡು ಇಂಚು ಕೆಳಗೆ ತಾಯಿಬೇರು ಕಡಿದು, ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚಿಟ್ಟರು. ಬೇರು ಬಿಸಿಲಿಗೆ ಒಣಗಿದರೆ ಮತ್ತೆ ಚಿಗುರುವುದಿಲ್ಲ. ಪಕ್ಕದ ಮರದಡಿಗೆ ಮಾತ್ರ ವರ್ಷವಿಡೀ ಹೋಗಿ ನೋಡುತ್ತಿರಬೇಕು. ಲಂಟಾನ ಹಣ್ಣು ತಿಂದ ಹಕ್ಕಿ ಕೂತು ಬೀಜ ಉದುರಿಸುವುದು ಅಲ್ಲೇ.

ಕಣಗಿಲೆಯನ್ನು ಅವರು ಒಂದೆಲೆಯೂ ಬಿಡದೆ ಹೊಲದಾಚೆ ಸಾಗಿಸಿದರು. ಅದು ಒಣಗಿದರೂ ವಿಷವೇ, ಲಂಟಾನವಂತೂ ಯಕೃತ್ತನ್ನೇ ಕೆಡಿಸುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಹೋದದ್ದು ಹೊರಬರುವ ದಾರಿಯಿಲ್ಲ. ಆಮೇಲೆ ತಾತ ಬರಿಗಾಲಲ್ಲಿ ಇಡೀ ಹೊಲ ತುಳಿದರು. ಹೆಗ್ಗಣದ ಬಿಲ, ಮುರಿದ ಸೀಸೆ, ಹಳೇ ಮುಳ್ಳುತಂತಿ, ಕಾಲು ಮುರಿಯುವ ಯಾವುದೂ ಉಳಿಯಬಾರದು. ಅಷ್ಟು ನಿಧಾನವಾಗಿ ನೆಲವನ್ನು ಓದಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂಗಾರು ಹಿಡಿದ ಮೇಲೆ ಗರಿಕೆಯ ಬಳ್ಳಿ ತುಂಡುಮಾಡಿ ನೆಡುವುದು. ಕುದುರೆ ಮೇಲೂ ಕೆಳಗೂ ಬಾಚಿಹಲ್ಲಿರುವ ಪ್ರಾಣಿ, ನೆಲಮಟ್ಟಕ್ಕೇ ಕತ್ತರಿಸುತ್ತದೆ. ಹಾಗೆ ಮೇದರೂ ತುಳಿದರೂ ಗರಿಕೆ ತಾಳುತ್ತದೆ. ಕೈಯಲ್ಲಿ ಹಿಡಿದೆಳೆದಾಗ ಬುಡಸಮೇತ ಬಂದರೆ ಇನ್ನೂ ಕುದುರೆ ಬಿಡುವಂತಿಲ್ಲ. ಲದ್ದಿಯನ್ನು ಆಗಾಗ ಎತ್ತಬೇಕು. ಬಿದ್ದಲ್ಲಿ ಕುದುರೆ ಮೇಯುವುದಿಲ್ಲ, ಹುಳುವೂ ಹರಡುತ್ತದೆ. ನಡುವೆ ಹಸು ಬಿಟ್ಟು ಮೇಯಿಸಿದರೆ ಹುಳುವಿನ ಸರಣಿ ಕಡಿಯುತ್ತದೆ. ಪಕ್ಕದ ಮಡಿಗೆ ಕುದುರೆಮಸಾಲೆ. ಹೆಸರೇ ಹೇಳುವಂತೆ ಅದು ಮೇವಿನ ಜೊತೆಗೆ ಕೊಡುವ ಸೊಪ್ಪು.

ಫಾರ್ಮಿನ ಇತಿಹಾಸ ತಾತನ ಬಾಯಲ್ಲಿ ಎರಡೇ ಮಾತು: ಟಿಪ್ಪು ಸುಲ್ತಾನರ ದಂಡಿನ ಕುದುರೆಗಳಿಗೆಂದು ಶುರುವಾದದ್ದು, ರೇಸಿನ ಕುದುರೆಗಳಿಂದ ಹೆಸರಾದದ್ದು. 1992ರಲ್ಲಿ ಗುತ್ತಿಗೆಗೆ ಹೋಯಿತು. 400 ಎಕರೆಗೂ ಮಿಕ್ಕಿದ ಆ ಜಾಗದಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಈಚೆಗೆ ಎದ್ದಿದೆ. ಬೆಂಗಳೂರಿಗೆ 70 ಕಿಲೋಮೀಟರ್ ದೂರದಲ್ಲಿರುವುದೇ ಅದಕ್ಕೆ ಮುಳುವಾಗಿದೆ.

ತಾತನ ಮಗ ಜೆಸಿಬಿ ಓಡಿಸುತ್ತಾನೆ. ಗುದ್ದಲಿ ಹಿಡಿದು ಕಲಿಯಲು ಯಾರೂ ಬಂದಿಲ್ಲ. ಕುಣಿಗಲ್‌ನ ಆ ಹುಲ್ಲುಗಾವಲನ್ನು ಕುದುರೆಗಳಿಗೇ ಬಿಡಿ ಎಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.